ಮಂಡಿಗೆ ಒಳ್ಳೆಯ ದಾರಿ

ನೆಲಕ್ಕೆ ಟೈಲ್ಸ್ ಹಾಕುವವನಿಗೆ ಮಂಡಿಯೇ ಬಂಡವಾಳ. ಕೈ ಚೂರು ನಡುಗಿದರೂ ಹೇಗೋ ಸುಧಾರಿಸಬಹುದು, ಮಂಡಿ ಕೈಕೊಟ್ಟರೆ ಮನೆಯಲ್ಲಿ ಕೂರಬೇಕಾದ್ದೇ. ಇದು ರಸಮಟ್ಟನಿಗೆ ಚೆನ್ನಾಗಿ ಗೊತ್ತಿತ್ತು. ಅವನ ನಿಜವಾದ ಹೆಸರು ಜೊತೆಯ ಕೆಲಸಗಾರರಿಗೆ ಮರೆತೇ ಹೋಗಿತ್ತು. ನೆಲ ಸಮವಾಗಿದೆಯೋ ಇಲ್ಲವೋ ಎಂದು ನೋಡುವ, ಒಳಗೆ ಗುಳ್ಳೆ ಓಡಾಡುವ ಆ ರಸಮಟ್ಟದ ಪಟ್ಟಿ ಸದಾ ಅವನ ಕಂಕುಳಲ್ಲಿರುತ್ತಿದ್ದುದರಿಂದ ಅದೇ ಹೆಸರು ಅಂಟಿಕೊಂಡಿತ್ತು. ನೆಂಟರ ಮನೆಗೆ ಹೋದರೂ ಕುರ್ಚಿಯಲ್ಲಿ ಕೂರುವ ಮೊದಲು ನೆಲ ನೋಡಿ, "ಯಾರು ಹಾಕಿದ್ದು ಇದನ್ನ?" ಎಂದು ಕೇಳುವ ಚಾಳಿ. ಅವನನ್ನು ಎಲ್ಲಿಗಾದರೂ ಕರೆದೊಯ್ಯಬೇಕೆಂದರೆ ಹೆಂಡತಿಗೆ ಜೀವ ಬಾಯಿಗೆ ಬರುತ್ತಿತ್ತು.

ಹಗಲೆಲ್ಲ ಮಂಡಿಯೂರಿ ದುಡಿಯುವ ಇಂಥವನು ಬೆಳಕು ಹರಿಯುತ್ತಲೇ ಎದ್ದು ಅದೇ ಮಂಡಿಯನ್ನು ಡಾಂಬರು ರಸ್ತೆಯ ಮೇಲೆ ಕುಟ್ಟಿಕೊಂಡು ಓಡುತ್ತಿದ್ದ. ಹುಚ್ಚು ಅನ್ನಿ ಬೇಕಾದರೆ. ಆದರೆ ಆ ಓಟ ಅವನದಲ್ಲ, ಅಕ್ಕನದು.

ಅಕ್ಕ ಅವನಿದ್ದ ಕಟ್ಟಡದಲ್ಲೇ ಮೇಲಿನ ಮನೆಯಲ್ಲಿ ಒಬ್ಬಳೇ ಇದ್ದಳು. ಮದುವೆಯ ಗೋಜಿಗೆ ಹೋದವಳಲ್ಲ. ಚಿಕ್ಕಂದಿನಲ್ಲಿ ತಮ್ಮನ ರಟ್ಟೆ ಹಿಡಿದು ಎಳೆದುಕೊಂಡು ಓಡಿ ಅವನಿಗೆ ಓಟ ಕಲಿಸಿದವಳೇ ಅವಳು. ಮಧ್ಯವಯಸ್ಸಿನಲ್ಲಿ ಅವಳ ಕಣ್ಣು ಅಂಚಿನಿಂದ ಮಂಕಾಗುತ್ತ ಬಂದು, ನಡುವೆ ಒಂದು ಕಿಂಡಿಯಷ್ಟು ಉಳಿದು, ಕೊನೆಗೆ ಆ ಕಿಂಡಿಯೂ ಮುಚ್ಚಿತು. ಟವೆಲ್ ಕಾರ್ಖಾನೆಯಲ್ಲಿ ಅವಳದು ತಪಾಸಣೆಯ ಮೇಜಿನ ಕೆಲಸ. ಒಂದೊಂದೇ ಟವೆಲಿನ ಮೇಲೆ ಅಂಗೈ ಆಡಿಸಿ ಬಿಟ್ಟ ಎಳೆ, ಬಿದ್ದ ಗಂಟು ಹುಡುಕಬೇಕು. ಕಣ್ಣು ಹೋದಮೇಲೂ ಮೇಲ್ವಿಚಾರಕ ಅವಳನ್ನು ಅಲ್ಲಿಂದ ಎಬ್ಬಿಸಲಿಲ್ಲ, ಯಾಕೆಂದರೆ ಆ ಕೆಲಸದಲ್ಲಿ ಕಣ್ಣು ಮೊದಲಿನಿಂದಲೂ ದಂಡಕ್ಕೇ ಇತ್ತು.

ಓಟ ಮಾತ್ರ ನಿಂತಿತು. ಅದು ನಿಂತ ಮೇಲೆ ಅಕ್ಕ ಊಟ ಬಿಟ್ಟಳು, ಮಾತು ಬಿಟ್ಟಳು. ಸಮಾಧಾನ ಮಾಡಲು ಬಂದವರನ್ನು ಬಾಗಿಲಿನಿಂದಲೇ ಸಾಗಹಾಕಿದಳು. ರಸಮಟ್ಟ ಒಂದು ಸಂಜೆ ತನ್ನ ಕೆಲಸದ ಚೀಲದಿಂದ ನೂಲುಹುರಿ ತೆಗೆದ. ಟೈಲ್ಸ್ ಸಾಲು ನೇರವಿರಲೆಂದು ಗೋಡೆಯಿಂದ ಗೋಡೆಗೆ ಎಳೆದು ಕಟ್ಟುವ ದಾರ ಅದು. ಮೂರು ಎಳೆ ಹೆಣೆದು, ಎರಡೂ ತುದಿಗೆ ಕುಣಿಕೆ ಹಾಕಿ, ಒಂದನ್ನು ಅಕ್ಕನ ಬೆರಳಿಗೆ ಸಿಕ್ಕಿಸಿ, ಇನ್ನೊಂದನ್ನು ತಾನು ಹಿಡಿದುಕೊಂಡ. "ಏಳು, ಹೋಗೋಣ" ಅಂದ.

ಅಂದಿನಿಂದ ಇಬ್ಬರೂ ಜೋಡಿ. ರಸ್ತೆಯಲ್ಲಿ ಅವರಿಗೆ ಬೇಕಾಗಿದ್ದದ್ದು ನಾಲ್ಕೇ ಮಾತು: ಎಡ, ಬಲ, ಉಬ್ಬು, ನಿಲ್ಲು. ಉಳಿದದ್ದನ್ನೆಲ್ಲ ಹುರಿಯೇ ಹೇಳುತ್ತಿತ್ತು. ಅವನು ಸುಸ್ತಾದರೆ ಅವಳಿಗೆ ಗೊತ್ತಾಗುತ್ತಿತ್ತು, ಹೆಂಡತಿಯ ಜೊತೆ ಜಗಳವಾಡಿ ಬಂದಿದ್ದರೂ ಗೊತ್ತಾಗುತ್ತಿತ್ತು. "ಇವತ್ತು ಏನಂದಳು?" ಎಂದು ಅಕ್ಕ ಓಡುತ್ತಲೇ ಕೇಳುವಳು. ಅವನು ಬಾಯಿ ತೆರೆಯುವ ಮೊದಲೇ, "ತಪ್ಪು ನಿಂದೇ ಇರತ್ತೆ ಬಿಡು" ಎಂದು ತೀರ್ಪು ಕೊಟ್ಟುಬಿಡುವಳು.

ಇನ್ನೊಬ್ಬರು ಹುರಿ ಹಿಡಿಯುತ್ತೇನೆಂದು ಬಂದದ್ದೂ ಉಂಟು. ಕಾರ್ಖಾನೆಯ ಲೆಕ್ಕಿಗನೊಬ್ಬ ಒಂದು ದಿನ ಓಡಿಸಿದ. ಅಕ್ಕ ವಾಪಸು ಬಂದವಳೇ, "ಕಸದ ಗಾಡಿಗೆ ಕಟ್ಟಿದ ಹಾಗಿತ್ತು" ಅಂದಳು. ಆಮೇಲೆ ತಮ್ಮನಿಗೆ ಬಿಡಿಸಿ ಹೇಳಿದಳು: "ನಡೆಯೋಕೆ ಕೋಲಿದೆ ಕಣೋ. ಓಡೋಕೆ ನೀನೊಬ್ಬನೇ ಇರೋದು." ಅದು ಹೊಗಳಿಕೆಯೂ ಅಲ್ಲ, ಬೇಡಿಕೆಯೂ ಅಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಳು.

ಅಂಥ ಹೊತ್ತಿನಲ್ಲಿ ಮಂಡಿ ತಕರಾರು ತೆಗೆಯಿತು.

ಚಳುಕು ಹುರಿ ಹಿಡಿದ ವರ್ಷದಿಂದಲೇ ಇತ್ತು, ಈಗ ಅದು ನೋವಾಗಿ ಬಲಿಯಿತು. ಎಣ್ಣೆ ತಿಕ್ಕಿದ, ಪಟ್ಟಿ ಸುತ್ತಿದ, ಹೆಂಡತಿಯ ಕಣ್ಣು ತಪ್ಪಿಸಿ ಮಾತ್ರೆ ನುಂಗಿದ. ಯಾವುದೋ ಆಫೀಸಿನ ನೆಲಕ್ಕೆ ಟೈಲ್ಸ್ ಹಾಕುತ್ತಿದ್ದಾಗ ಮಂಡಿಯೂರಿದವನು ಏಳಲಾರದೆ ಗೋಡೆ ಹಿಡಿದು ಹಾಗೇ ಕೂತುಬಿಟ್ಟ. ಜೊತೆಯವರು ಎತ್ತಿ ನಿಲ್ಲಿಸಬೇಕಾಯಿತು. ಆ ಸುದ್ದಿ ಅವನಿಗಿಂತ ಮೊದಲೇ ಮನೆ ತಲುಪಿತ್ತು. ಹೆಂಡತಿ ದೂಸರಾ ಮಾತಿಲ್ಲದೆ ಅವನನ್ನು ಮೂಳೆ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು.

ಆ ಡಾಕ್ಟರು ಸ್ವತಃ ಓಟದ ಮನುಷ್ಯ. ಗೋಡೆಯ ಮೇಲೆ ಕೆಸರಾದ ಬೂಟುಗಳಲ್ಲಿ ನಿಂತು ಹಲ್ಲು ಬಿಟ್ಟ ಅವರದೇ ಫೋಟೋ. ಎಕ್ಸ್‌ರೇ ಹಾಳೆಯನ್ನು ಬೆಳಕಿಗೆ ಹಿಡಿದು ಲೊಚಗುಟ್ಟಿದರು.

"ರಸ್ತೆ ಬಿಡಿ. ನೀವು ರಸ್ತೆ ಬಿಡ್ಲಿಲ್ಲ ಅಂದ್ರೆ ಮಂಡಿ ನಿಮ್ಮನ್ನ ಬಿಡತ್ತೆ. ಆಮೇಲೆ ಕುರ್ಚಿ ಮೇಲೆ ಕೂತು ಮಾಡೋ ಕೆಲಸ ಹುಡುಕ್ಕೋಬೇಕಾಗತ್ತೆ."

"ಓಡೋದನ್ನೇ ಬಿಡ್ಬೇಕಾ ಸಾರ್?"

"ಓಡೋದು ಬಿಡಿ ಅಂತ ಯಾರ್ರೀ ಹೇಳಿದ್ರು? ರಸ್ತೆ ಬಿಡಿ ಅಂದೆ. ಕಾಡುದಾರಿ ಹಿಡೀರಿ, ಮಣ್ಣಿನ ದಾರಿ." ಡಾಕ್ಟರು ಮುಂದಕ್ಕೆ ಬಾಗಿ ಕೂತರು. ಮುಂದಿನ ಮಾತನ್ನೆಲ್ಲ ಅವರು ಮನೆಕಟ್ಟುವ ಸೈಟು ಮಾರುವವರ ಹುರುಪಿನಲ್ಲಿ ಹೇಳಿದರು. "ಡಾಂಬರಿನ ಮೇಲೆ ಪ್ರತಿ ಹೆಜ್ಜೇನೂ ಒಂದೇ ಥರ ಬೀಳತ್ತೆ. ಒಂದೇ ಜಾಗಕ್ಕೆ ಏಟು ಬಿದ್ದೂ ಬಿದ್ದೂ ಸವೆದು ಹೋಗತ್ತೆ. ಮಣ್ಣಲ್ಲಿ ಒಂದು ಹೆಜ್ಜೆ ಇದ್ದ ಹಾಗೆ ಇನ್ನೊಂದಿರಲ್ಲ. ಏಟು ಹಂಚಿಹೋಗತ್ತೆ, ಅರ್ಧ ಮಣ್ಣೇ ನುಂಗ್ಕೊಳತ್ತೆ. ಹೊಗೆ ಇಲ್ಲ, ಹಾರನ್ ಇಲ್ಲ. ಇಷ್ಟು ದಿನ ಸೋಮಾರಿಯಾಗಿ ಮಲಗಿದ್ದ ಕಾಲಿನ ಸಣ್ಣ ಸಣ್ಣ ಸ್ನಾಯು ಎಲ್ಲ ಎದ್ದು ಕೂತ್ಕೊಳತ್ವೆ. ಸ್ವಲ್ಪ ಅಭ್ಯಾಸ ಆದ್ರೆ ಸಾಕು, ಕಾಲೇ ದಾರಿ ನೋಡ್ಕೊಂಡು ಹೋಗತ್ತೆ. ನೀವು ಯೋಚನೇನೇ ಮಾಡೋ ಹಾಗಿಲ್ಲ."

"ಜೊತೇಲಿ ನಮ್ಮ ಅಕ್ಕ ಓಡ್ತಾಳೆ ಸಾರ್. ಅವಳಿಗೆ ಕಣ್ಣು ಕಾಣಲ್ಲ."

ಡಾಕ್ಟರ ಹುರುಪು ಒಂದು ಕ್ಷಣ ತಡವರಿಸಿತು. "ಅವರನ್ನ ನಿಧಾನಕ್ಕೆ ನಡೆಸಿಕೊಂಡು ಹೋಗಿ" ಅಂದರು. ಹೇಳುವವರ ಗಂಟೇನು ಹೋಗುತ್ತದೆ?

ಊರಿನ ಅಂಚಿನಲ್ಲಿ, ನೀರು ಸರಬರಾಜಿನ ಟ್ಯಾಂಕಿನ ಹಿಂದೆ, ಗುಡ್ಡದ ಕಾಡಿಗೆ ಹತ್ತುವ ಕಾಲುದಾರಿ ಇತ್ತು. ರಸಮಟ್ಟ ಕೆಲಸವಿದೆಯೆಂದು ಅಕ್ಕನಿಗೆ ಸುಳ್ಳು ಹೇಳಿ ಒಬ್ಬನೇ ಹೋದ. ಪರೀಕ್ಷೆ ಮಾಡಿ ನೋಡೋಣ, ಅಷ್ಟೇ ಎಂದು ತನಗೂ ಒಂದು ಸುಳ್ಳು ಹೇಳಿಕೊಂಡ. ಮೊದಲು ಅವನಿಗೆ ಸಿಟ್ಟು ಬಂತು. ಎಲ್ಲಿ ನೋಡಿದರೂ ಏರುಪೇರು, ಒಂದು ಅಡಿ ನೆಲವೂ ಸಮವಿಲ್ಲ, ಅವನ ವೃತ್ತಿಗೇ ಅವಮಾನ. ಬೇರುಗಳಿಗೆ ಎಡವಿದ, ಜಾರುವ ಎಲೆಗಳ ಮೇಲೆ ಅಂಡೂರಿದ. ಆದರೆ ಮತ್ತೆ ಹೋದ, ಮತ್ತೆ ಹೋದ. ಒಂದು ದಿನ ಇಳಿಜಾರಿನಲ್ಲಿ ಓಡುತ್ತಿದ್ದವನಿಗೆ ಏನೋ ಮರೆತುಬಂದ ಹಾಗೆ ಅನ್ನಿಸಿತು. ಬೀಗದ ಕೈ ಮುಟ್ಟಿ ನೋಡಿಕೊಂಡ, ಅದು ಜೇಬಿನಲ್ಲೇ ಇತ್ತು. ಇಲ್ಲದೇ ಹೋದದ್ದು ಮಂಡಿಯ ನೋವು. ಅವನಿಗೆ ಅಳುವೇ ಬಂತು. ಮರ ಹಿಡಿದು ನಿಂತು, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಚೆನ್ನಾಗಿ ಅತ್ತ.

ಸುಳ್ಳು ಬಹಳ ದಿನ ನಿಲ್ಲಲಿಲ್ಲ. "ನಿನ್ನ ಮೈಯಿಂದ ಎಲೆ ವಾಸನೆ ಬರ್ತಿದೆ" ಎಂದು ಅಕ್ಕ ಮೆಟ್ಟಿಲ ಮೇಲೆಯೇ ಹಿಡಿದಳು. "ಯಾವ ಮನೆ ನೆಲಕ್ಕೆ ಎಲೆ ಹಾಕ್ತಿದ್ದೀಯ?"

ಅವನು ಎಲ್ಲವನ್ನೂ ಹೇಳಿದ. ಮಂಡಿ, ಎಕ್ಸ್‌ರೇ, ಡಾಕ್ಟರು, ಗುಡ್ಡ. ಹೇಳುತ್ತ ಹೇಳುತ್ತ ಡಾಕ್ಟರ ಹುರುಪೇ ಅವನ ಬಾಯಿಗೂ ಬಂತು. ಅಕ್ಕ ಎಲ್ಲ ಕೇಳಿಸಿಕೊಂಡಳು.

"ಹಾಗಾದ್ರೆ ನನ್ನನ್ನೂ ಕರ್ಕೊಂಡು ಹೋಗು."

"ಬೇರು ಇದೆ, ಕಲ್ಲು ಇದೆ..."

"ನಿನಗೆ ಬಾಯಿ ಇದೆ."

ರಸ್ತೆಯ ನಾಲ್ಕು ಮಾತು ಗುಡ್ಡಕ್ಕೆ ಸಾಲುವಂತಿರಲಿಲ್ಲ. ಅಕ್ಕನ ಮನೆಯಲ್ಲೇ ತಾಲೀಮು ಶುರುವಾಯಿತು. ದಿಂಬು ಹಾಸಿ "ಬೇರು" ಅಂದ, ಪಾತ್ರೆ ಬೋರಲು ಹಾಕಿ "ಕಲ್ಲು" ಅಂದ, ಬಾಗಿಲಿಗೆ ಸೀರೆ ಇಳಿಬಿಟ್ಟು "ಕೊಂಬೆ" ಅಂದ. "ತಗ್ಗು" ಅಂದರೆ ಹೆಜ್ಜೆ ಆಳಕ್ಕೆ ಬೀಳುತ್ತದೆ, "ಜಾರು" ಅಂದರೆ ಪಾದ ಅಡ್ಡ ಇಡಬೇಕು. ಅಕ್ಕ ಪಾತ್ರೆಗಳನ್ನು ದಾಟುತ್ತ ನಡುಮನೆಯಿಂದ ಅಡುಗೆಮನೆಗೂ ಅಡುಗೆಮನೆಯಿಂದ ನಡುಮನೆಗೂ ಓಡುತ್ತಿದ್ದರೆ, ಸದ್ದು ಕೇಳಿ ಮೇಲೆ ಬಂದ ಅವನ ಹೆಂಡತಿ ಬಾಗಿಲಲ್ಲೇ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಅಕ್ಕ ತಮ್ಮ ಇಬ್ಬರಿಗೂ ಒಟ್ಟಿಗೇ ತಲೆ ಕೆಟ್ಟಿದೆ" ಎಂದು ಇಳಿದುಹೋದಳು.

ಗುಡ್ಡದಲ್ಲಿ ಮೊದಲು ನಡೆದರು. ಅವನು ಒಂದೇ ಸಮನೆ ಒದರಬೇಕಾಗಿತ್ತು. ಬೇರು, ಕಲ್ಲು, ಮತ್ತೆ ಬೇರು, ಎಡಕ್ಕೆ ಕೊಂಬೆ, ತಗ್ಗು. ಮನೆಗೆ ಬರುವಷ್ಟರಲ್ಲಿ ಗಂಟಲು ಕಟ್ಟಿರುತ್ತಿತ್ತು. "ಕಾಲು ಉಳೀತು, ಬಾಯಿ ಹೋಯ್ತು" ಎಂದು ಪಿಸುಗುಟ್ಟಿದರೆ ಅಕ್ಕ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಅವಳಿಗೆ ಗುಡ್ಡ ಹಿಡಿಸಿಬಿಟ್ಟಿತ್ತು. ರಸ್ತೆಯಲ್ಲಿ ಅವಳು ಬರೀ ಕಿವಿ, ಯಾವ ಬಸ್ಸು ಎಲ್ಲಿಂದ ಬಂತು ಎನ್ನುವುದರಲ್ಲೇ ಜೀವ ಹೈರಾಣಾಗುತ್ತಿತ್ತು. ಇಲ್ಲಿ ಪಾದಕ್ಕೆ ಕೆಲಸವಿತ್ತು. ಇದು ಮರಳು, ಇದು ಕೊಳೆತ ಎಲೆ, ಇದು ನಿನ್ನೆಯ ಕೆಸರು ಒಣಗಿದ್ದು ಎಂದು ಅವಳೇ ತಮ್ಮನಿಗೆ ಹೇಳುವಳು. "ಟವೆಲ್ ನೋಡಿದ ಹಾಗೇ ಕಣೋ, ಕಾಲಲ್ಲಿ" ಅಂದಳು ಒಮ್ಮೆ. ರಸಮಟ್ಟನಿಗೆ ಅಂದು ರಾತ್ರಿ ಒಳ್ಳೆಯ ನಿದ್ದೆ ಬಂತು. ಡಾಕ್ಟರು ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಾಗಿರಲಿಲ್ಲ.

ನಡಿಗೆ ಮೆಲ್ಲನೆ ಓಟವಾಯಿತು. ಮೊದಲು ಸಪಾಟು ಜಾಗದಲ್ಲಷ್ಟೇ, ಆಮೇಲೆ ಸಣ್ಣ ಏರಿನಲ್ಲೂ.

ಆಮೇಲೊಂದು ದಿನ ನಡೆದದ್ದು ಇಷ್ಟೇ. ಮಳೆ ನಿಂತು ಮಣ್ಣು ಹದವಾಗಿತ್ತು. ಗುಡ್ಡದ ಹಿಂಬದಿಯಲ್ಲಿ ದಾರಿ ಅಗಲವಾಗಿ, ಮೆತ್ತಗೆ, ಉದ್ದಕ್ಕೂ ಇಳಿಯುತ್ತದೆ. ಅಕ್ಕ "ಇನ್ನೂ ಸ್ವಲ್ಪ ಜೋರು ಬಿಡು" ಅಂದಳು. ಅವನು ಬಿಟ್ಟ. ಇಬ್ಬರೂ ಹಗುರಾಗಿ ಹಾರಿಕೊಂಡು ಹೋಗುತ್ತಿದ್ದರು. ಹುರಿ ನಡುವೆ ಸಡಿಲವಾಗಿ ತೂಗುತ್ತಿತ್ತು. ಅವನ ಮೈಯಲ್ಲಿ ಎಲ್ಲೂ ನೋವಿರಲಿಲ್ಲ, ತಲೆಯಲ್ಲಿ ಯಾವ ಯೋಚನೆಯೂ ಇರಲಿಲ್ಲ. ಎಷ್ಟೋ ವರ್ಷಗಳಲ್ಲಿ ಮೊದಲ ಸಲ ಅವನು ತನಗಾಗಿ ಓಡುತ್ತಿದ್ದ. ದಾರಿಗೆ ಅಡ್ಡವಾಗಿ ತೋಳು ಗಾತ್ರದ ಒಂದು ಬೇರು ಎದ್ದಿತ್ತು. ಅವನ ಕಾಲು ತಾನೇ ಎತ್ತಿಕೊಂಡು ಅದನ್ನು ದಾಟಿತು.

ಬಾಯಿಗೆ ಸುದ್ದಿಯೇ ಹೋಗಿರಲಿಲ್ಲ.

ಹುರಿ ಒಮ್ಮೆ ಜಗ್ಗಿ ಕೈಯಿಂದ ಕಳಚಿತು. ತಿರುಗಿ ನೋಡಿದಾಗ ಅಕ್ಕ ಮುಖ ಅಡಿಯಾಗಿ ಬಿದ್ದಿದ್ದಳು, ಬಲಗೈ ಅವಳ ಅಡಿಗೆ ಸಿಕ್ಕಿಕೊಂಡಿತ್ತು. ಅವಳು ಕೂಗಲಿಲ್ಲ. ಅವನು ಎತ್ತಿ ಕೂರಿಸಿದಾಗ ತುಟಿಯ ರಕ್ತ ಒರೆಸಿಕೊಂಡು, "ಏನದು?" ಎಂದು ಕೇಳಿದಳು.

"ಬೇರು."

"ಹೂಂ" ಅಂದಳು.

ರಸ್ತೆಯಲ್ಲಿ ಅವನು ಒಂದೇ ಒಂದು ಉಬ್ಬನ್ನೂ ಹೇಳದೆ ಬಿಟ್ಟಿರಲಿಲ್ಲ. ಯಾಕೆಂದು ಆಗ ಅವನಿಗೆ ಹೊಳೆಯಿತು. ಉಬ್ಬು ಹತ್ತಿದರೆ ಮಂಡಿ ಚುರುಕ್ ಅನ್ನುತ್ತಿತ್ತು, ಅದಕ್ಕೆ ಹೆದರಿ ದೂರದಿಂದಲೇ ಅದನ್ನು ನೋಡುತ್ತಿದ್ದ, ನೋಡಿದ್ದನ್ನು ಹೇಳುತ್ತಿದ್ದ. ಅಷ್ಟು ವರ್ಷ ಅಕ್ಕನಿಗೆ ದಾರಿ ತೋರಿಸಿದ್ದು ಅವನ ಕಣ್ಣಲ್ಲ, ಅವನ ನೋವು. ಆ ನೋವನ್ನು ಅವನು ಇದೇ ಗುಡ್ಡದಲ್ಲಿ ಕಳೆದುಕೊಂಡು ಖುಷಿಯಿಂದ ಅತ್ತಿದ್ದ.

ಅಕ್ಕನ ಬಲ ಮಣಿಕಟ್ಟಿನ ಮುರಿದ ಮೂಳೆ ಕೂಡಿಕೊಂಡಿತು. ಪಟ್ಟಿ ಬಿಚ್ಚಿದ ಮೇಲೆ ಅಕ್ಕ ಕಾರ್ಖಾನೆಗೂ ಹೋದಳು. "ಎಲ್ಲ ಸರಿಹೋಯ್ತು" ಅಂದಳು. ಸರಿಹೋಗಿರಲಿಲ್ಲ. ಬಲಗೈಯ ಬೆರಳುಗಳ ತುದಿ ಜೋಮು ಹಿಡಿದೇ ಉಳಿದಿತ್ತು. ಬಿಟ್ಟ ಎಳೆಯೂ ಬಿಡದ ಎಳೆಯೂ ಆ ಬೆರಳಿಗೆ ಒಂದೇ. ತಪಾಸಣೆಯ ಮೇಜಿನಿಂದ ಅವಳನ್ನು ಎಬ್ಬಿಸಿ ಡಬ್ಬಗಳಿಗೆ ಟೇಪು ಅಂಟಿಸುವ ಕಡೆ ಕೂರಿಸಿದ್ದರು. ಇದನ್ನು ಅಕ್ಕ ಹೇಳಲಿಲ್ಲ, ಹೆಂಡತಿ ಎಲ್ಲಿಂದಲೋ ಕೇಳಿಕೊಂಡು ಬಂದು ಹೇಳಿದಳು. ರಸಮಟ್ಟ ತಟ್ಟೆಯ ಮುಂದಿನಿಂದ ಎದ್ದ. ಹೆಂಡತಿಯೂ ಅವನನ್ನು ಕೂರು ಅನ್ನಲಿಲ್ಲ.

ಮೇಲೆ ಹೋಗಿ ಅಕ್ಕನ ಮುಂದೆ ನಿಂತ. "ಬಯ್ಯಕ್ಕ ನನ್ನನ್ನ."

"ಯಾಕೆ ಬಯ್ಯಲಿ?"

"ಬೇರು ಹೇಳ್ಲಿಲ್ಲ ನಾನು."

ಅಕ್ಕ ಬಲಗೈಯ ಬೆರಳುಗಳನ್ನು ಎಡಗೈಯಿಂದ ನೀವಿಕೊಳ್ಳುತ್ತಿದ್ದಳು. "ಬೀಳೋಕೆ ಮುಂಚೆ ನಿನ್ನ ಉಸಿರು ಕೇಳಿಸ್ತಾ ಇತ್ತು. ನೀನು ಅಷ್ಟು ಖುಷಿಯಾಗಿ ಉಸಿರಾಡಿದ್ದು ನಾನು ಯಾವತ್ತೂ ಕೇಳಿರಲಿಲ್ಲ. ಇಷ್ಟು ವರ್ಷ ನನ್ನ ಜೊತೆ ಓಡಿದ್ದೀಯಲ್ಲ, ಒಂದು ದಿನಾನೂ ಕೇಳಿರಲಿಲ್ಲ."

ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ.

"ಇನ್ನು ಗುಡ್ಡದ ಸಹವಾಸ ಬೇಡ" ಅಂದ. "ಮತ್ತೆ ರಸ್ತೆಗೇ ಹೋಗೋಣ. ನಾಳೆ ಬೆಳಿಗ್ಗೆ."

"ಮಂಡಿ?"

"ಹಾಳಾಗಿ ಹೋಗ್ಲಿ ಮಂಡಿ. ಈಗ ವಾಸಿಯಾಗಿದೆ ಬೇರೆ."

ಮರುದಿನ ಇಬ್ಬರೂ ಹಳೆಯ ರಸ್ತೆಗೆ ಇಳಿದರು. ಬೇಕರಿಯ ಮುಚ್ಚಿದ ಬಾಗಿಲು, ಪೆಟ್ರೋಲ್ ಬಂಕು, ಶಾಲೆಯ ಉದ್ದನೆಯ ಗೋಡೆ. ಗೋಡೆ ಮುಗಿಯುವ ಹೊತ್ತಿಗೆ ಚಳುಕು ಬಂತು, ಹಳೆಯ ಬಾಡಿಗೆದಾರ ಬೀಗ ತೆಗೆದು ಒಳಗೆ ಬಂದ ಹಾಗೆ. ಅವನು ಹಲ್ಲು ಕಚ್ಚಿದ. ಹೆಜ್ಜೆ ಸಮ ಇಟ್ಟ, ಉಸಿರು ಸಮ ಇಟ್ಟ, ಉಬ್ಬು ಬಂದಾಗ ದೂರದಿಂದಲೇ "ಉಬ್ಬು" ಅಂದ. ಎಲ್ಲ ಮೊದಲಿನ ಹಾಗೇ ಇತ್ತು. ಅದೇ ತಪ್ಪಾಯಿತು.

ಅಕ್ಕ ನಿಂತಳು. ಬೆರಳಿನಿಂದ ಕುಣಿಕೆ ಬಿಚ್ಚಿದಳು.

"ನೋಯ್ತಿದೆ ನಿನಗೆ."

"ಇಲ್ಲಕ್ಕ."

"ಹುರಿ ನಡುಗ್ತಿದೆ ಕಣೋ. ಮೊದಲೂ ಹೀಗೇ ನಡುಗ್ತಿತ್ತು, ಗುಡ್ಡದಲ್ಲಿ ಮಾತ್ರ ಇಲ್ಲ. ನಾನು ಅದು ನಿನ್ನ ಓಟದ ರೀತಿ ಅಂದ್ಕೊಂಡಿದ್ದೆ." ಅವಳು ಹುರಿಯನ್ನು ಸುತ್ತಿ ಮುಷ್ಟಿಯಲ್ಲಿ ಹಿಡಿದುಕೊಂಡಳು. "ನನ್ನ ಬೆರಳು ಹೋಯ್ತು, ಸಾಲ್ದಾ? ನಿನ್ನ ಮಂಡೀನೂ ತಿಂದು ನಾನು ಓಡ್ಬೇಕಾ?"

"ನೀನು ಓಡದೆ ಹೇಗಿರ್ತೀಯ?"

"ಹೇಗೋ ಇರ್ತೀನಿ. ನೀನು ಗುಡ್ಡಕ್ಕೆ ಹೋಗು. ಹೋಗ್ಲಿಲ್ಲ ಅಂದ್ರೆ ನಾನು ಮಾತಾಡಲ್ಲ."

ಅವಳು ಹೇಳಿದರೆ ಹೇಳಿದ ಹಾಗೆ ಮಾಡುವವಳು. ಅವನು ಗುಡ್ಡಕ್ಕೆ ಹೋದ. ಮಂಡಿ ದಿನೇ ದಿನೇ ಗಟ್ಟಿಯಾಯಿತು. ಡಾಕ್ಟರು ಹೊಸ ಎಕ್ಸ್‌ರೇ ನೋಡಿ ತಮ್ಮದೇ ಮಂಡಿಯೇನೋ ಎಂಬಂತೆ ಹಿಗ್ಗಿದರು. ರಸಮಟ್ಟ ಬಾಯಿ ಮುಚ್ಚಿಕೊಂಡು ಓಡುತ್ತಿದ್ದ, ಯಾಕೆಂದರೆ ಬಾಯಿಗೆ ಅಲ್ಲಿ ಕೆಲಸವಿರಲಿಲ್ಲ. ಗುಡ್ಡದ ಹಿಂಬದಿಯ ಇಳಿಜಾರಿಗೆ ಮಾತ್ರ ಅವನು ಮತ್ತೆ ಹೋಗಲಿಲ್ಲ.

ಕೆಲವು ವಾರಗಳಾದ ಮೇಲೆ ಅಕ್ಕ ಕರೆದು ತಾರಸಿಯ ನೆಲ ತೋರಿಸಿದಳು. ಸಿಮೆಂಟಿನ ನೆಲ, ನಟ್ಟನಡುವೆ ಯಾವ ಕಾಲದಲ್ಲೋ ಆಂಟೆನಾಕ್ಕೆಂದು ನೆಟ್ಟ ಕಬ್ಬಿಣದ ಕಂಬ. ಕಂಬಕ್ಕೆ ಅವಳು ಸಲೀಸಾಗಿ ತಿರುಗುವ ಒಂದು ಬಳೆ ತೊಡಿಸಿದ್ದಳು, ಬಳೆಗೆ ಉದ್ದನೆಯ ಹೊಸ ಹುರಿ.

"ಇದನ್ನ ಹಿಡ್ಕೊಂಡು ಸುತ್ತ ಓಡ್ತೀನಿ. ಒಳಗಡೆ ಒರಟು ಟೈಲ್ಸ್ ಒಂದು ಸಾಲು, ಹೊರಗಡೆ ಒರಟು ಟೈಲ್ಸ್ ಒಂದು ಸಾಲು. ನಡುವೆ ನುಣುಪು. ಕಾಲಿಗೆ ಗೊತ್ತಾಗತ್ತೆ. ಹಾಕ್ಕೊಡ್ತೀಯಾ?"

"ಸಿಮೆಂಟು ಅಕ್ಕ ಇದು, ರಸ್ತೆಗಿಂತ ಗಟ್ಟಿ. ಮೇಲೆ ಗಾಣದೆತ್ತಿನ ಹಾಗೆ ಒಂದೇ ಕಡೆ ತಿರುಗಿದ್ರೆ ನಿನ್ನ ಮಂಡಿ ಏನಾಗ್ಬೇಕು?"

"ನನ್ನದು ತಾನೇ?" ಅಂದಳು ಅಕ್ಕ. "ನಾನೇನು ನೆಲಕ್ಕೆ ಟೈಲ್ಸ್ ಹಾಕ್ಬೇಕಾ?"

ಅವನು ಒಪ್ಪಿದ. ರಜೆಯ ದಿನ ಸಿಮೆಂಟು ಕಲಸಿ, ಅದೇ ಹಳೆಯ ನೂಲುಹುರಿಯನ್ನು ಕಂಬಕ್ಕೆ ಕಟ್ಟಿ ಸುತ್ತು ಗೆರೆ ಎಳೆದು, ಮಂಡಿಯೂರಿದ. ಬೆಳಗಿನಿಂದ ಮಧ್ಯಾಹ್ನದವರೆಗೆ ಮಂಡಿಯ ಮೇಲೇ ತೆವಳಿಕೊಂಡು ಸುತ್ತು ಹಾಕಿದ. ಅವನು ಜನ್ಮದಲ್ಲಿ ಹಾಕಿದ ನೆಲಗಳಲ್ಲೆಲ್ಲ ಅಷ್ಟು ಚೊಕ್ಕವಾದದ್ದು ಇನ್ನೊಂದಿರಲಿಲ್ಲ. ರಸಮಟ್ಟದ ಗುಳ್ಳೆ ಎಲ್ಲಿಟ್ಟರೂ ನಡುವೆಯೇ ನಿಲ್ಲುತ್ತಿತ್ತು. ಅಕ್ಕ ತಾರಸಿಯ ನೀರಿನ ಟ್ಯಾಂಕಿನ ನೆರಳಲ್ಲಿ ಕೂತು ಟೈಲ್ಸ್ ಕುಟ್ಟುವ ಸದ್ದು ಕೇಳುತ್ತಿದ್ದಳು.

"ಮಂಡಿ ನೋಯ್ತಿದ್ಯಾ?" ಎಂದು ಕೇಳಿದಳು.

ಅವನು ಕುಟ್ಟುವುದನ್ನು ನಿಲ್ಲಿಸಿದ. ಇದೊಂದು ಸಲವಾದರೂ ನೋಯಲಿ ಎಂದು ಮಂಡಿಯ ಮೇಲೆ ಇಡೀ ಮೈಯ ಭಾರ ಬಿಟ್ಟು ಕಾದ. ನೋಯಲಿಲ್ಲ.

"ಇಲ್ಲಕ್ಕ."

"ನೋಡಿದ್ಯಾ, ಒಳ್ಳೇದೇ ಆಯ್ತು" ಅಂದಳು. ಅವಳ ದನಿಯಲ್ಲಿ ಕೊಂಕಿರಲಿಲ್ಲ, ನಿಜಕ್ಕೂ ಸಮಾಧಾನವಿತ್ತು.

ಸಿಮೆಂಟು ಒಣಗಿ ಗಟ್ಟಿಯಾದ ದಿನ ಅವಳು ಬರಿಗಾಲಲ್ಲಿ ಸುತ್ತಿನ ಒಳಗೆ ಬಂದು ನಿಂತಳು. ಪಾದದಿಂದ ಈಚೆಯ ಒರಟು ಮುಟ್ಟಿದಳು, ಆಚೆಯ ಒರಟು ಮುಟ್ಟಿದಳು, ತಲೆಯಾಡಿಸಿದಳು. ಹುರಿಯ ಕುಣಿಕೆಯನ್ನು ಬೆರಳಿಗೆ ಸಿಕ್ಕಿಸಿಕೊಂಡಳು. ರಸಮಟ್ಟ ಎಂದಿನಂತೆ ಅವಳ ಪಕ್ಕಕ್ಕೆ ಹೋಗಿ ಹುರಿಯ ಇನ್ನೊಂದು ತುದಿಗಾಗಿ ಕೈ ಚಾಚಿದ. ಅದು ಕಂಬದಲ್ಲಿತ್ತು.

"ಸ್ವಲ್ಪ ಆ ಕಡೆ ಸರಿಯೋ" ಅಂದಳು ಅಕ್ಕ, "ದಾರೀಲಿ ನಿಂತಿದ್ದೀಯ."

ಅವನು ಸರಿದು ನಿಂತ. ಅವಳು ಓಡತೊಡಗಿದಳು.